ನೆಲದೊಳಗೆ ತೋಡಿದ ಬಂದರು

ಬಂದರಿಗೆ ಮುಖ್ಯವಾಗಿ ಬೇಕಾದದ್ದು ಎರಡು: ಹಡಗು ಅಲುಗದೆ ನಿಲ್ಲುವಷ್ಟು ಶಾಂತ ನೀರು, ತಳ ತಾಗದಷ್ಟು ಆಳ. ಕಾರವಾರದಲ್ಲಿ ಗುಡ್ಡಗಳೂ ದ್ವೀಪಗಳೂ ಅಲೆಗೆ ಅಡ್ಡ ನಿಂತು ಬಂದರಿನ ಅರ್ಧ ಕೆಲಸವನ್ನು ಮುಗಿಸಿಕೊಟ್ಟಿವೆ. ಕತಾರ್‌ಗೆ ಸಿಕ್ಕಿರುವುದು ಶಾಂತ ನೀರು ಮಾತ್ರ. ವಾಯವ್ಯದಿಂದ ಬೀಸುವ ‘ಶಮಾಲ್’ ಗಾಳಿಯನ್ನು ಪರ್ಯಾಯ ದ್ವೀಪದ ನೆಲವೇ ತಡೆಯುವುದರಿಂದ ಪೂರ್ವದ ದಡದಲ್ಲಿ ಅಲೆಯ ಅಬ್ಬರ ಕಡಿಮೆ. ಮುತ್ತಿನ ವ್ಯಾಪಾರದ ಕಾಲದ ಅಲ್ ಖೋರ್, ದೋಹಾ, ಅಲ್ ವಕ್ರಾ ಊರುಗಳು ಬೆಳೆದದ್ದು ಈ ಮಗ್ಗುಲಲ್ಲೇ. ಆದರೆ ಆಳವಿಲ್ಲ. ಪರ್ಷಿಯನ್ ಕೊಲ್ಲಿಯ ಸರಾಸರಿ ಆಳವೇ ಸುಮಾರು 35 ಮೀಟರ್. ದಡದ ಹತ್ತಿರ ಅದು ಇನ್ನೂ ಎಷ್ಟೋ ಕಡಿಮೆ. ಮರದ ಧೋಗಳಿಗೆ ಅಷ್ಟು ಸಾಕಿತ್ತು, ಇಂದಿನ ಕಂಟೇನರ್ ಹಡಗುಗಳಿಗೆ ಸಾಲದು.

ಆಳವಿಲ್ಲದ ಕಡೆ ಎಂಜಿನಿಯರುಗಳ ಹಳೆಯ ರೂಢಿಯೆಂದರೆ ಕಡಲಿಗೆ ಕಲ್ಲು ಸುರಿದು ಉದ್ದನೆಯ ಅಲೆತಡೆ ಕಟ್ಟುವುದು, ಒಳಗಿನ ಹೂಳೆತ್ತುವುದು. ಇದರ ಬೆಲೆಯನ್ನು ಕರಾವಳಿಯ ಕನ್ನಡಿಗರಿಗೆ ವಿವರಿಸಬೇಕಿಲ್ಲ. ಓರೆಯಾಗಿ ಬಂದು ಬಡಿಯುವ ಅಲೆ ದಡದುದ್ದಕ್ಕೂ ಮರಳನ್ನು ಸಾಗಿಸುತ್ತಲೇ ಇರುತ್ತದೆ. ಅಲೆತಡೆ ಆ ಸಾಗಾಟಕ್ಕೆ ಅಡ್ಡ ಬಂದರೆ ಒಂದು ಬದಿಯಲ್ಲಿ ಮರಳು ರಾಶಿ ಬೀಳುತ್ತದೆ, ಇನ್ನೊಂದು ಬದಿಯಲ್ಲಿ ದಡ ಕರಗುತ್ತದೆ. ನೇತ್ರಾವತಿ ಅಳಿವೆಯ ಅಲೆತಡೆಗಳ ಪಕ್ಕದ ಉಳ್ಳಾಲದಲ್ಲಿ ಕಡಲ್ಕೊರೆತ ಎಷ್ಟು ಜೋರಾಯಿತೆಂದರೆ, ಕೊನೆಗೆ ಅಲೆಯ ಶಕ್ತಿಯನ್ನು ದೂರದಲ್ಲೇ ಕುಗ್ಗಿಸಲು ಕಡಲೊಳಗೆ ದಿಬ್ಬಗಳನ್ನು ಕಟ್ಟಬೇಕಾಯಿತು.

ಹೀಗಾಗಬಾರದೆಂದರೆ ಮರಳು, ಅಲೆ, ಉಬ್ಬರವಿಳಿತ, ಜೀವರಾಶಿ ಇವುಗಳ ಅಧ್ಯಯನ ಮೊದಲು ಆಗಬೇಕು, ನಕ್ಷೆ ಆಮೇಲೆ ಬರಬೇಕು. ಜಲಸಾರಿಗೆ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಘಟನೆಯಾದ ಪಿಯಾಂಕ್ 2008ರಲ್ಲಿ ಇದನ್ನೇ ತನ್ನ ನಿಲುವಾಗಿ ಪ್ರಕಟಿಸಿತು. ಇಂಥದೇ ಯೋಚನೆಯಲ್ಲಿ 2011ರಲ್ಲಿ ನೆದರ್‌ಲೆಂಡ್ಸ್ ದಿ ಹೇಗ್ ನಗರದ ಬಳಿ ಸುಮಾರು 2.15 ಕೋಟಿ ಘನ ಮೀಟರ್ ಮರಳನ್ನು ಒಂದೇ ಕಡೆ ಸುರಿದು, ಅದನ್ನು ದಡದುದ್ದಕ್ಕೂ ಹರಡುವ ಕೆಲಸವನ್ನು ಅಲೆ ಮತ್ತು ಗಾಳಿಗೆ ಬಿಟ್ಟಿತು.

ಕತಾರ್‌ನ ಹಮದ್ ಬಂದರು ದೋಹಾದ ದಕ್ಷಿಣಕ್ಕೆ, ಅಲ್ ವಕ್ರಾ ಮತ್ತು ಮೆಸಯೀದ್ ನಡುವೆ ಇದೆ. ಇಲ್ಲಿ ಬಂದರು ಕಡಲಿನತ್ತ ಚಾಚಿಕೊಳ್ಳಲಿಲ್ಲ, ಕಡಲನ್ನೇ ನೆಲದೊಳಗೆ ಕರೆತರಲಾಯಿತು. ಸುಮಾರು 4 ಕಿಲೋಮೀಟರ್ ಉದ್ದ, 700 ಮೀಟರ್ ಅಗಲ, 17 ಮೀಟರ್ ಆಳದ ಕೊಳವನ್ನು ಒಣ ನೆಲದಲ್ಲಿ ತೋಡಿ, ಧಕ್ಕೆಯ ಗೋಡೆಗಳನ್ನು ಕಟ್ಟಿ, ನಂತರ ಕಡಲ ನೀರು ಬಿಟ್ಟರು. ನೀರಿನೊಳಗೆ ಅಗೆದಿದ್ದರೆ ಕದಡಿದ ಕೆಸರು ಮೈಲಿಗಟ್ಟಲೆ ಹರಡಿ ಹವಳದ ಮೇಲೆ ಕೂರುತ್ತಿತ್ತು. ಕೊಳದ ಮಟ್ಟಿಗೆ ಆ ಹಾನಿ ತಪ್ಪಿತು. 2017ರ ಸೆಪ್ಟೆಂಬರ್‌ನಲ್ಲಿ ಬಂದರಿನ ಅಧಿಕೃತ ಉದ್ಘಾಟನೆಯಾಯಿತು. ಅದೇ ವರ್ಷದ ಜೂನ್‌ನಲ್ಲಿ ನೆರೆಯ ದೇಶಗಳು ದಿಗ್ಬಂಧನ ಹೇರಿದ್ದರಿಂದ, ಅಷ್ಟರಲ್ಲೇ ಅದು ದೇಶದ ಆಹಾರ ಸಾಮಗ್ರಿಯ ಹೆಬ್ಬಾಗಿಲಾಗಿತ್ತು. ಮಂಗಳೂರಿನ ಪಣಂಬೂರಿನಲ್ಲೂ 1970ರ ದಶಕದಲ್ಲಿ ಹೀಗೆಯೇ ದಡದ ಒಳಗೆ ತೋಡಿ ಬಂದರು ಮಾಡಲಾಗಿತ್ತು.

ಆದರೂ ಹಮದ್‌ನಲ್ಲಿ ಹಡಗುಗಳು ಒಳಬರುವ ಕಾಲುವೆಯನ್ನು ಕಡಲಲ್ಲೇ ಕೊರೆಯದೆ ವಿಧಿಯಿರಲಿಲ್ಲ. ಅದಕ್ಕಾಗಿ ಕಾಂಡ್ಲಾ ಗಿಡ, ಕಡಲಹುಲ್ಲು, ಹವಳಗಳನ್ನು ಕಿತ್ತು ಬೇರೆಡೆ ನೆಡಲಾಯಿತು. ಕತಾರ್‌ನ ಕಾಂಡ್ಲಾ ಒಂದೇ ಜಾತಿಯದು, ಅವಿಸೆನಿಯಾ ಮರೀನಾ. ಉಸಿರಾಡಲು ಇದು ಕೆಸರಿನಿಂದ ಪೆನ್ಸಿಲ್‌ನಂಥ ಬೇರುಗಳನ್ನು ಮೇಲಕ್ಕೆ ಚಾಚುತ್ತದೆ, ಹೆಚ್ಚಾದ ಉಪ್ಪನ್ನು ಎಲೆಗಳಿಂದ ಹೊರಹಾಕುತ್ತದೆ. ಈ ಬೇರುಗಳ ನಡುವೆ ನೀರು ನಿಧಾನವಾದಾಗ ತೇಲಿಬಂದ ಕೆಸರು ತಳಕ್ಕಿಳಿಯುತ್ತದೆ. ದಡ ಗಟ್ಟಿಯಾಗುವುದೂ ಮೀನುಮರಿಗಳಿಗೆ ಆಸರೆ ಸಿಗುವುದೂ ಇದರಿಂದಲೇ. ಕಡಲಹುಲ್ಲನ್ನು ಮೇಯುವ ಡುಗಾಂಗ್‌ಗಳು ಆಸ್ಟ್ರೇಲಿಯಾ ಬಿಟ್ಟರೆ ಅತಿ ಹೆಚ್ಚು ಸಂಖ್ಯೆಯಲ್ಲಿರುವುದು ಈ ಕೊಲ್ಲಿಯಲ್ಲಿ.

ನೆಲದೊಳಗಿನ ಬಂದರಿಗೆ ಅದರದೇ ತೊಡಕೂ ಇದೆ. ಒಂದೇ ಬಾಯಿರುವ ಉದ್ದನೆಯ ಕೊಳದಲ್ಲಿ ನೀರು ಬದಲಾಗಲು ಮುಖ್ಯ ಆಧಾರ ಉಬ್ಬರವಿಳಿತ. ಕತಾರ್‌ನಲ್ಲಿ ಅದರ ಏರಿಳಿತ ದೊಡ್ಡದಲ್ಲ. ಬೇಸಿಗೆಯ ಬಿಸಿಗೆ ನೀರು ಆವಿಯಾಗಿ ಉಪ್ಪು ಏರುತ್ತದೆ. ನೀರು ಹಳತಾದಷ್ಟೂ ಆಮ್ಲಜನಕ ಕುಗ್ಗುತ್ತದೆ. ಇಂಥ ಬಂದರುಗಳ ಬಾಯಿಯ ಅಗಲ, ದಿಕ್ಕು, ಕೊಳದ ಆಕಾರಗಳನ್ನು ನಿರ್ಧರಿಸುವಾಗ ಹಡಗಿನ ತಿರುವಿನಷ್ಟೇ ನೀರಿನ ಓಡಾಟವನ್ನೂ ಲೆಕ್ಕ ಹಾಕಬೇಕಾಗುತ್ತದೆ.

ಹವಳವನ್ನಾಗಲಿ ಕಾಂಡ್ಲಾವನ್ನಾಗಲಿ ಸ್ಥಳಾಂತರಿಸುವುದು ಎರಡನೆಯ ದಾರಿ. ಕಿತ್ತು ನೆಟ್ಟದ್ದೆಲ್ಲ ಬದುಕುವುದಿಲ್ಲ, ಬದುಕಿದ್ದಕ್ಕೂ ಹಳೆಯ ದಡದ ಕೆಲಸವನ್ನು ಮಾಡಲು ವರ್ಷಗಳು ಬೇಕು. ಹಮದ್ ಬಂದರಿನಲ್ಲಿ ಅನುಸರಿಸಲು ಯೋಗ್ಯವಾದದ್ದು ಅದಕ್ಕಿಂತ ಮೊದಲಿನ ನಿರ್ಧಾರ: ಕೊಳವನ್ನು ಕಡಲಲ್ಲಿ ಕಟ್ಟದೆ ನೆಲದಲ್ಲಿ ತೋಡಿದ್ದು.