ಜೀಯರ್: ನಮ್ಮ ‘ಜೀಯ’ನ ನೆಂಟ



ಹೈದರಾಬಾದಿನ ಹತ್ತಿರ ಮುಚ್ಚಿಂತಲಿನಲ್ಲಿ 2022ರಲ್ಲಿ 216 ಅಡಿ ಎತ್ತರದ ರಾಮಾನುಜರ ಪ್ರತಿಮೆ ಅನಾವರಣಗೊಂಡಾಗ ‘ಚಿನ್ನ ಜೀಯರ್’ ಎಂಬ ಹೆಸರು ಎಲ್ಲರ ಕಿವಿಗೂ ಬಿತ್ತು. ಕನ್ನಡಿಗರಿಗೆ ಇಲ್ಲಿ ಎರಡು ಗೊಂದಲ. ಚಿನ್ನ ಎಂದರೆ ಬಂಗಾರವೇ? ಜೀಯರ್ ಎಂಬುದು ಮನೆತನದ ಹೆಸರೇ?

ಎರಡೂ ಅಲ್ಲ. ತೆಲುಗಿನಲ್ಲಿ ಚಿನ್ನ ಎಂದರೆ ಚಿಕ್ಕ. ತಿರುಮಲೆಯಲ್ಲೂ ಪೆದ್ದ ಜೀಯರ್, ಚಿನ್ನ ಜೀಯರ್ ಎಂಬ ಎರಡು ಸ್ಥಾನಗಳಿವೆ. ಅಂದರೆ ಹಿರಿಯರು, ಕಿರಿಯರು. ಜೀಯರ್ ಎಂಬುದು ಶ್ರೀವೈಷ್ಣವ ಸನ್ಯಾಸಿಗೆ, ಅದರಲ್ಲೂ ಮಠದ ಪೀಠವೇರಿದವರಿಗೆ, ಸಲ್ಲುವ ಬಿರುದು. ಅದ್ವೈತ, ಮಾಧ್ವ ಯತಿಗಳ ಕೈಯಲ್ಲಿ ಒಂದೇ ದಂಡವಿದ್ದರೆ, ಜೀಯರ್ ಹಿಡಿಯುವುದು ಮೂರು ಕೋಲುಗಳನ್ನು ಸೇರಿಸಿ ಕಟ್ಟಿದ ತ್ರಿದಂಡ. ಇವರು ಸನ್ಯಾಸ ಪಡೆದ ಮೇಲೂ ಜುಟ್ಟು, ಜನಿವಾರ ಬಿಡುವುದಿಲ್ಲ.

ಇನ್ನು ಶಬ್ದದ ವಿಚಾರ. ಅಚ್ಚ ತಮಿಳು ಶಬ್ದಗಳು ಜಕಾರದಿಂದ ಶುರುವಾಗುವುದಿಲ್ಲ. ಈ ಬಿರುದನ್ನು ಬರೆಯಲು ತಮಿಳರು ಗ್ರಂಥ ಲಿಪಿಯ ‘ಜ’ ಬಳಸುತ್ತಾರೆ. ನಮಗಾದರೋ ‘ಜೀಯ’ ಬಹಳ ಹಳೆಯ ಪರಿಚಯ. ಒಡೆಯ, ಪೂಜ್ಯ ಎಂದು ಅದರ ಅರ್ಥ. ಕನ್ನಡ ಶಾಸನಗಳಲ್ಲಿ ಶೈವ ಗುರುಗಳ, ಸ್ಥಾನಪತಿಗಳ ಹೆಸರಿನ ಕೊನೆಗೆ ‘ಜೀಯ’ ಸೇರಿರುತ್ತದೆ. ಕುಮಾರವ್ಯಾಸನ ಪಾತ್ರಗಳು ದೊರೆಯನ್ನು ಕರೆಯುವುದೂ ಹೀಗೆಯೇ. ಅದೇ ಜೀಯನಿಗೆ ಗೌರವದ ‘ಅರ್’ ಸೇರಿದರೆ ಜೀಯರ್. ನಮ್ಮ ಬಾಯಲ್ಲಿ ಜೀಯರು. ಒಂದು ಕಡೆ ಶೈವ ಗುರುವಿಗೆ, ಇನ್ನೊಂದು ಕಡೆ ವೈಷ್ಣವ ಯತಿಗೆ ಸಲ್ಲುವ ಮಾತಿದು. ಶಬ್ದಕ್ಕೆ ಮತಭೇದವಿಲ್ಲ!

ಈ ನೆಂಟಸ್ತನಕ್ಕೆ ಮೇಲುಕೋಟೆಯದೊಂದು ಕಥೆಯೂ ಇದೆ. ಅಲ್ಲಿ ಮಾಧವಾಚಾರ್ಯರೆಂಬ ವೇದಾಂತಿ ಇದ್ದರು (ದ್ವೈತಮತದ ಮಧ್ವಾಚಾರ್ಯರು ಬೇರೆ). ಶ್ರೀರಂಗದಿಂದ ಬಂದ ಪರಾಶರ ಭಟ್ಟರು ಅವರನ್ನು ವಾದದಲ್ಲಿ ಗೆದ್ದರೆಂದು ಗುರುಪರಂಪರೆಯ ಗ್ರಂಥಗಳು ಹೇಳುತ್ತವೆ. ಮುಂದೆ ಮಾಧವಾಚಾರ್ಯರು ಎಲ್ಲವನ್ನೂ ತೊರೆದು, ಸನ್ಯಾಸಿಯಾಗಿ ಶ್ರೀರಂಗಕ್ಕೆ ಹೋದರು. ಭಟ್ಟರು ಅವರನ್ನು ‘ನಂ ಜೀಯರ್’, ಅಂದರೆ ‘ನಮ್ಮ ಜೀಯರು’, ಎಂದು ಕರೆದು ಬರಮಾಡಿಕೊಂಡರಂತೆ. ಆ ಕರೆಯೇ ಹೆಸರಾಗಿ ಅವರು ನಂಜೀಯರ್ ಆದರು. ನಮ್ಮಾಳ್ವಾರರ ತಿರುವಾಯ್ಮೊಳಿಗೆ ಅವರು ಬರೆದ ವ್ಯಾಖ್ಯಾನವನ್ನು ತಮಿಳುನಾಡಿನ ಶ್ರೀವೈಷ್ಣವರು ಇಂದಿಗೂ ಓದುತ್ತಾರೆ. ಕನ್ನಡ ನಾಡಿನಿಂದ ಹೋದವರನ್ನು ಶ್ರೀರಂಗ ‘ನಮ್ಮವರು’ ಎಂದಿತು. ಊರು ಬಿಟ್ಟು ಬಂದಿರುವ ನಮಗೆ ಆ ಮಾತಿನ ಬೆಲೆ ಗೊತ್ತು, ಅಲ್ಲವೇ?

ಆಡುಮಾತಿನಿಂದ ‘ಜೀಯ’ ದೂರವಾಗಿದೆ. ಯಕ್ಷಗಾನದಲ್ಲಿ, ಪೌರಾಣಿಕ ನಾಟಕದಲ್ಲಿ ದೂತನೊಬ್ಬ ಕೈಮುಗಿದು ‘ಜೀಯಾ’ ಎಂದಾಗಷ್ಟೇ ನೆನಪಾಗುತ್ತದೆ. ಚೆನ್ನೈ ಕೇಳುಗರು ಶ್ರೀಪೆರುಂಬುದೂರಿಗೆ ಹೋದಾಗ ಎಂಬಾರ್ ಜೀಯರ್ ಮಠದ ಫಲಕ ಕಂಡರೆ ಪರಭಾಷೆಯ ಮಾತೆಂದು ಮುಂದೆ ಸಾಗಬೇಡಿ. ಜೊತೆಗಿರುವ ಮಕ್ಕಳಿಗೂ ಅರ್ಥ ಹೇಳಿ. ಹೇಳುವಾಗ ‘ಜೀ’ ದೀರ್ಘವಾಗಿರಲಿ!