ಮುದಿ ನಾಯಿಯ ಕಣ್ಣಿನಲ್ಲಿ ಮಸುಕು

ನಿಮ್ಮ ನಾಯಿಗೆ ಏಳೆಂಟು ವರ್ಷ ದಾಟಿದೆಯೆ? ಅದರ ಪಾಪೆಯಲ್ಲಿ ನೀಲಿ ಛಾಯೆಯ ಮಸುಕು ಕಂಡೊಡನೆ ಕಣ್ಣಿನ ಪೊರೆಯೆಂದು ತೀರ್ಮಾನಿಸಬೇಡಿ. ಕಣ್ಣಿನ ಮಸೂರದಲ್ಲಿ ಹೊಸ ಎಳೆಗಳು ಜೀವಮಾನವಿಡೀ ಸೇರುತ್ತಿರುತ್ತವೆ. ಹಳೆಯ ಎಳೆಗಳು ನಡುವೆ ಒತ್ತಿಕೊಂಡು ಗಟ್ಟಿಯಾಗಿ ಬೆಳಕನ್ನು ಚದುರಿಸುತ್ತವೆ. ಇದರಿಂದ ದೃಷ್ಟಿ ಅಷ್ಟಾಗಿ ಕೆಡುವುದಿಲ್ಲ. ಪೊರೆಯಾದರೋ ಬೆಳಕನ್ನೇ ತಡೆಯುತ್ತದೆ.

ಇವೆರಡನ್ನೂ ಗುರುತಿಸುವುದು ಹೇಗೆ? ಪಶುವೈದ್ಯರು ಮೊದಲು ಟೋನೊಮೀಟರ್‌ನಿಂದ ಕಣ್ಣಿನೊಳಗಿನ ಒತ್ತಡವನ್ನು ಅಳೆಯುತ್ತಾರೆ. ಇದು ಸಾಮಾನ್ಯವಾಗಿ 10ರಿಂದ 25 ಮಿ.ಮೀ. ಪಾದರಸದಷ್ಟಿರುತ್ತದೆ. ಬಳಿಕ ಹನಿಮದ್ದಿನಿಂದ ಪಾಪೆಯನ್ನು ಹಿಗ್ಗಿಸಿ, ಬೆಳಕು ಹಾಯಿಸಿ ನೋಡುತ್ತಾರೆ. ಕಣ್ಣಿನ ಹಿಂಭಾಗದ ಹೊಳಪು ತಡೆಯಿಲ್ಲದೆ ಮರಳಿದರೆ ಅದು ವಯೋಸಹಜ ಮಸುಕು. ಹೊಳಪಿಗೆ ಕಪ್ಪು ಕಲೆ ಅಡ್ಡಬಂದರೆ ಪೊರೆ.

ಕಣ್ಣು ಕೆಂಪಾಗಿ, ನಾಯಿ ನೋವಿನಿಂದ ರೆಪ್ಪೆ ಮುಚ್ಚಿಕೊಂಡರೆ ಮಾತ್ರ ತಡಮಾಡಬೇಡಿ. ಒತ್ತಡ ವಿಪರೀತ ಏರಿದ್ದರೆ ಒಂದೆರಡು ದಿನಗಳಲ್ಲೇ ದೃಷ್ಟಿ ಶಾಶ್ವತವಾಗಿ ನಷ್ಟವಾಗಬಹುದು.