ಸಿನಾಯ್ ಬೆಟ್ಟಗಳು ಕಲಿಸುವ ಪಾಠ

ಮರುಭೂಮಿ ಎಂದರೆ ನಮಗೆ ನೆನಪಾಗುವುದು ಮರಳು ಮತ್ತು ಒಂಟೆ. ಆದರೆ ಈಜಿಪ್ಟಿನ ದಕ್ಷಿಣ ಸಿನಾಯ್‌ನಲ್ಲಿ ಎಲ್ಲಿ ನೋಡಿದರೂ ಬೋಳು ಕಲ್ಲಿನ ಬೆಟ್ಟಗಳು. ಪ್ರವಾದಿ ಮೂಸಾ (ಅ) ಅವರ ಹೆಸರಿನ ಜಬಲ್ ಮೂಸಾದ ಎತ್ತರ 2,285 ಮೀಟರ್. ಅದರ ನೆರೆಯ ಜಬಲ್ ಕಾತರೀನಾ 2,600 ಮೀಟರ್‌ಗೂ ಹೆಚ್ಚು ಎತ್ತರವಿದ್ದು, ಈಜಿಪ್ಟಿನಲ್ಲೇ ಅತಿ ಎತ್ತರದ ಶಿಖರ. ನಮ್ಮ ಮುಳ್ಳಯ್ಯನಗಿರಿಗಿಂತ ಎರಡೂ ಎತ್ತರ. ಪ್ರತಿವರ್ಷ ಸಾವಿರಾರು ಮಂದಿ ಇಲ್ಲಿಗೆ ಚಾರಣಕ್ಕೆ ಬರುತ್ತಾರೆ.

ಇಲ್ಲಿನ ಮೊದಲ ಅಪಾಯ ಕಣ್ಣಿಗೆ ಕಾಣುವುದಿಲ್ಲ. ನಮ್ಮ ಕರಾವಳಿಯಲ್ಲಿ ನಾಲ್ಕು ಹೆಜ್ಜೆ ನಡೆದರೆ ಅಂಗಿ ಒದ್ದೆಯಾಗುತ್ತದೆ. ಒಣ ಗಾಳಿಯಲ್ಲಿ ಹಾಗಲ್ಲ, ಬೆವರು ಮೂಡಿದ ಕೂಡಲೇ ಆವಿಯಾಗುತ್ತದೆ. ಮೈ ಒಣಗಿಯೇ ಇರುವುದರಿಂದ ನೀರು ಕಳೆದುಕೊಳ್ಳುತ್ತಿದ್ದೇವೆ ಎಂಬುದೇ ತಿಳಿಯುವುದಿಲ್ಲ. ಬಿಸಿಲಲ್ಲಿ ಏರುವಾಗ ಗಂಟೆಗೆ ಒಂದು ಲೀಟರ್‌ನಷ್ಟು ಬೆವರು ಹೋಗಬಹುದು. ತಲೆನೋವು, ತಲೆಸುತ್ತು, ಗಾಢ ಬಣ್ಣದ ಮೂತ್ರ ಇವು ಎಚ್ಚರಿಕೆಯ ಗುರುತುಗಳು. ಬೆವರಿನೊಂದಿಗೆ ಉಪ್ಪೂ ಹೋಗುವುದರಿಂದ ಬರೀ ನೀರನ್ನೇ ಅತಿಯಾಗಿ ಕುಡಿಯುವುದೂ ಅಪಾಯ. ನೀರಿನ ಜೊತೆ ಉಪ್ಪಿನಂಶದ ತಿನಿಸೂ ಬೇಕು.

ಎರಡನೆಯದು ಚಳಿ. ತೇವಾಂಶವೂ ಮೋಡವೂ ಹಗಲಿನ ಶಾಖವನ್ನು ಹಿಡಿದಿಡುವ ಹೊದಿಕೆಯಂತೆ. ಮರುಭೂಮಿಯಲ್ಲಿ ಆ ಹೊದಿಕೆ ಇಲ್ಲ. ಸೂರ್ಯ ಮುಳುಗಿದ ಮೇಲೆ ಬಂಡೆಯ ಬಿಸಿ ನೇರವಾಗಿ ಆಕಾಶಕ್ಕೆ ಹೋಗಿಬಿಡುತ್ತದೆ. ಎತ್ತರವೂ ಸೇರಿದಾಗ ಚಳಿಗಾಲದ ರಾತ್ರಿ ಉಷ್ಣಾಂಶ ಶೂನ್ಯಕ್ಕಿಂತ ಕೆಳಗಿಳಿಯುತ್ತದೆ. ಕೆಲವೊಮ್ಮೆ ಹಿಮವೂ ಬೀಳುತ್ತದೆ.

ಮೂರನೆಯದು, ನಂಬಲು ಕಷ್ಟವಾದರೂ, ಪ್ರವಾಹ. ಬೋಳು ಬಂಡೆ ಮಳೆನೀರನ್ನು ಹೀರುವುದಿಲ್ಲ. ದೂರದಲ್ಲೆಲ್ಲೋ ಸುರಿದ ಮಳೆ ‘ವಾದಿ’ ಎಂಬ ಒಣ ಕಣಿವೆಯಲ್ಲಿ ಏಕಾಏಕಿ ನುಗ್ಗಿಬರುತ್ತದೆ. ತಲೆಯ ಮೇಲಿನ ಆಕಾಶ ಆಗಲೂ ನಿರ್ಮಲವಾಗಿರಬಹುದು. ಆದ್ದರಿಂದ ಮಲಗಲು ಸಮತಟ್ಟಾಗಿ ಕಂಡರೂ ಕಣಿವೆಯ ತಳದಲ್ಲಿ ಡೇರೆ ಹಾಕಬಾರದು.

ಇದನ್ನೆಲ್ಲ ತಲೆಮಾರುಗಳಿಂದ ಬಲ್ಲವರು ಸ್ಥಳೀಯ ಬದೂಯಿನ್ ಜನರು. ಯಾವ ಬಾವಿಯಲ್ಲಿ ನೀರಿದೆ, ಯಾವ ದಾರಿ ಕುಸಿದಿದೆ ಎಂಬುದು ಅವರಿಗೆ ಗೊತ್ತು. 2015ರಲ್ಲಿ ಇಲ್ಲಿನ ಬುಡಕಟ್ಟುಗಳು ಸೇರಿ ‘ಸಿನಾಯ್ ಟ್ರೇಲ್’ ಎಂಬ 220 ಕಿಲೋಮೀಟರ್ ಕಾಲುದಾರಿಯನ್ನು ಆರಂಭಿಸಿದವು. ಈಗ ಅದು 550 ಕಿಲೋಮೀಟರ್ ಆಗಿದ್ದು, 8 ಬುಡಕಟ್ಟುಗಳು ಅದರಲ್ಲಿ ಪಾಲ್ಗೊಂಡಿವೆ. ಪ್ರತಿ ಬುಡಕಟ್ಟಿನ ನೆಲದಲ್ಲಿ ಅವರದೇ ಮಾರ್ಗದರ್ಶಿ ಇರುತ್ತಾನೆ. ಹೀಗೆ ಚಾರಣಿಗನಿಗೆ ರಕ್ಷಣೆ, ಊರಿನವನಿಗೆ ದುಡಿಮೆ.

ಈ ಬೆಟ್ಟಗಳಲ್ಲಿ ಎಲೆಯ ಸದ್ದಿಲ್ಲ, ವಾಹನದ ಸದ್ದಿಲ್ಲ. ತನ್ನ ಉಸಿರೇ ತನಗೆ ಕೇಳಿಸುವಷ್ಟು ಮೌನ. ಅದಕ್ಕಾಗಿಯೇ ಎಷ್ಟೋ ಜನ ಇಲ್ಲಿಗೆ ಮರಳಿ ಬರುತ್ತಾರೆ. ಆದರೆ ಅದೇ ಮೌನದಲ್ಲಿ ದಾರಿ ತಪ್ಪಿದವನ ಕೂಗಿಗೆ ಓಗೊಡುವವರೂ ಇರುವುದಿಲ್ಲ.

ನಮ್ಮಲ್ಲಿ ಎಷ್ಟು ಮಂದಿ ಸಿನಾಯ್‌ಗೆ ಹೋಗುತ್ತೇವೋ ತಿಳಿಯದು. ಆದರೆ ಬೇಸಿಗೆ ರಜೆಯಲ್ಲಿ ಚಿತ್ರದುರ್ಗ, ಹಂಪಿ ಕಡೆಯ ಬಂಡೆಗಳನ್ನು ಹತ್ತುವವರು ನಮ್ಮಲ್ಲಿದ್ದಾರೆ. ಅವರಿಗೂ ಇದೇ ನಿಯಮ: ಬೆಳಗಿನ ಜಾವವೇ ಹೊರಡಿ, ಎಲ್ಲಿಗೆ ಹೋಗುತ್ತೀರೆಂದು ಮನೆಯಲ್ಲಿ ಹೇಳಿ, ಒಬ್ಬರೇ ಹೋಗಬೇಡಿ. ತಂದ ನೀರಿನಲ್ಲಿ ಅರ್ಧ ಮುಗಿದರೆ, ಶಿಖರ ಎದುರಿಗೇ ಕಂಡರೂ ಹಿಂದಿರುಗಿ. ಬೆಟ್ಟ ಅಲ್ಲೇ ಇರುತ್ತದೆ. ಇನ್ನೊಮ್ಮೆ ಹತ್ತಲು ನಾವು ಇರಬೇಕು.